ಲೆಕ್ಕ ತಪ್ಪಿದೆ

ಇಪ್ಪತ್ತು ವರ್ಷಗಳಿಂದ ಕನ್ನಡವನ್ನು ಕಲಿಸುವುದೇ ನನ್ನ ಕಸುಬು. ಹಳಗನ್ನಡದ ಕಂದ-ವೃತ್ತಗಳನ್ನು ಬಿಡಿಸಿ ಅನ್ವಯ ಹೇಳಬಲ್ಲೆನೆಂಬ ಸಣ್ಣದೊಂದು ಹೆಮ್ಮೆಯೂ ಉಂಟು. ಅಂಥ ನನಗೆ ೨೦೨೨ರಲ್ಲಿ ಒಂದು ಮಧ್ಯಾಹ್ನ, ಎರಡೇ ಪದಗಳ ಒಂದು ಹೊಸಗನ್ನಡ ವಾಕ್ಯದ ಅರ್ಥ ತಿಳಿಯದೆ ಹೋಯಿತು. ಆ ಸೋಲನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಆಕೆ ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಹತ್ತೊಂಬತ್ತು ತುಂಬಿತ್ತು. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಮೂರನೆಯ ಸಾಲಿನ ಗೋಡೆಯ ಬದಿಗೆ ಕುಳಿತುಕೊಳ್ಳುವಳು. ಅಧ್ಯಾಪಕರ ಕೊಠಡಿಯಲ್ಲಿ ನಾನೊಬ್ಬನೇ ಕುಳಿತು ಹಾಜರಿ ಪುಸ್ತಕವನ್ನು ತುಂಬುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು. “ಸಾರ್, ಲೆಕ್ಕ ತಪ್ಪಿದೆ” ಎಂದಳು. ದೃಷ್ಟಿ ನೆಲದ ಮೇಲಿತ್ತು. ಹಾಜರಿಯ ಲೆಕ್ಕವೆಂದೇ ನಾನು ತಿಳಿದೆ. “ಎಷ್ಟು ದಿನ ತಪ್ಪಿದೆ?” ಎಂದು ಕೇಳಿದೆ. “ಎರಡು ತಿಂಗಳು ಸಾರ್.” “ಅಷ್ಟು ತಪ್ಪಿಸಿಕೊಂಡರೆ ಹೇಗಮ್ಮ? ಆಫೀಸಿಗೆ ಹೋಗಿ ಗುಮಾಸ್ತರನ್ನು ಕೇಳು” ಎಂದೆ. ಇನ್ನೊಂದು ಗಳಿಗೆ ನಿಂತಿದ್ದು, “ಆಗಲಿ ಸಾರ್” ಎಂದು ಹೊರಟುಹೋದಳು.

ಮರುದಿನದಿಂದ ಆಕೆ ಬರಲಿಲ್ಲ. ತಿಂಗಳು ಕಳೆದ ಮೇಲೆ ಅವಳ ಗೆಳತಿ ಬಂದು ನಡೆದುದನ್ನು ಹೇಳಿದಳು. ನನ್ನಲ್ಲಿಗೆ ಬಂದ ಹತ್ತು ದಿನಗಳ ತರುವಾಯ ಯಾರೋ ತಂದುಕೊಟ್ಟ ಮಾತ್ರೆಗಳನ್ನು ಯಾರಿಗೂ ತಿಳಿಸದೆ ನುಂಗಿದ್ದಳಂತೆ. ಎರಡು ದಿನ ರಕ್ತ ಹೋಗುತ್ತಲೇ ಇದ್ದಿತಂತೆ. ಪ್ರಜ್ಞೆ ತಪ್ಪಿದ ಮೇಲೆ ಮನೆಯವರು ಆಸ್ಪತ್ರೆಗೆ ಸೇರಿಸಿದರಂತೆ. ಜೀವ ಉಳಿಯಿತು, ಓದು ಉಳಿಯಲಿಲ್ಲ. ಗೆಳತಿ ಹೋದ ಮೇಲೆ ಹಾಜರಿ ಪುಸ್ತಕವನ್ನು ತೆಗೆದು ನೋಡಿದೆ. ಆಕೆ ಹೇಳಿದ ಆ ಎರಡು ತಿಂಗಳಲ್ಲಿ ಒಂದು ದಿನವೂ ತರಗತಿ ತಪ್ಪಿಸಿರಲಿಲ್ಲ. ಆಕೆ ಎದುರಿಗೆ ನಿಂತಿದ್ದಾಗಲೂ ಆ ಪುಸ್ತಕ ನನ್ನ ಮುಂದೆ ತೆರೆದೇ ಇದ್ದಿತು.

ಅಷ್ಟು ಮಂದಿ ಅಧ್ಯಾಪಕರಲ್ಲಿ ನನ್ನನ್ನೇ ಏಕೆ ಹುಡುಕಿಕೊಂಡು ಬಂದಳು? ಅದನ್ನೂ ಗೆಳತಿಯೇ ಹೇಳಿದಳು. ಆ ವಾರ ನಾನು ತರಗತಿಯಲ್ಲಿ ಕರ್ಣನ ಕಥೆಯನ್ನು ಹೇಳುತ್ತ ಕುಂತಿಯ ಬಗೆಗೆ ಮರುಕದ ಮಾತುಗಳನ್ನಾಡಿದ್ದೆನಂತೆ. ಆ ಮರುಕವನ್ನು ನಂಬಿ ಬಂದಿದ್ದಳು.

ಆ ವಾಕ್ಯವನ್ನು ಅಂದಿನಿಂದ ಎಷ್ಟೋ ಸಲ ಮನಸ್ಸಿನಲ್ಲಿ ಬಿಡಿಸಿ ನೋಡಿದ್ದೇನೆ. ಆಕೆ ತಪ್ಪಾಗಿ ಏನನ್ನೂ ಹೇಳಲಿಲ್ಲ. ವೈದ್ಯರೂ ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದಲೇ. ಅಲ್ಲಿಯೂ ಎಲ್ಲವೂ ಲೆಕ್ಕವೇ. ಎರಡು ಸಲ ಮುಟ್ಟು ತಪ್ಪಿತ್ತೆಂದರೆ ಆ ಲೆಕ್ಕದಲ್ಲಿ ಆಗಲೇ ಎಂಟು ವಾರ ಕಳೆದಿತ್ತು. ಮಾತ್ರೆಗಳಿಂದ ಬಸಿರನ್ನು ತೆಗೆಯುವುದಕ್ಕೆ ನಮ್ಮ ದೇಶದ ನಿಯಮ ಹಾಕಿರುವ ಗಡಿ ಒಂಬತ್ತು ವಾರ. ಅದೂ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ. ಆಕೆ ಆ ಗಡಿಯ ಅಂಚಿನಲ್ಲಿ ನಿಂತು ನನ್ನನ್ನು ಕೇಳಿದ್ದಳು. ನಾನು ಗುಮಾಸ್ತರ ಬಳಿಗೆ ಕಳುಹಿಸಿದೆ. ಅಲ್ಲಿಂದ ಮುಂದಿನ ಹತ್ತು ದಿನಗಳ ಹೊಣೆಯಲ್ಲಿ ನನ್ನದೂ ಒಂದು ಪಾಲುಂಟು.

ಆಕೆ ಬಿಡಿಸಿ ಹೇಳಬಾರದಿತ್ತೆ ಎಂದು ವಾಚಕರು ಕೇಳಬಹುದು. ಯಾವ ಮಾತಿನಲ್ಲಿ ಹೇಳಬೇಕಾಗಿತ್ತು? ಹೆಣ್ಣುಮಕ್ಕಳ ದೇಹದ ವಿಷಯದಲ್ಲಿ ನಮ್ಮ ನುಡಿ ಮರೆಮಾತುಗಳ ಭಂಡಾರವೇ ಆಗಿದೆ. ಮುಟ್ಟಾದವಳು ‘ಹೊರಗೆ’ ಕೂತವಳು. ಅವಳನ್ನು ‘ಕಾಗೆ ಮುಟ್ಟಿದೆ’. ಮೈನೆರೆದವಳು ‘ದೊಡ್ಡವಳು’. ಮದುವೆಯಾದವಳಿಗೆ ತಿಂಗಳು ನಿಂತರೆ ‘ವಿಶೇಷ’. ಮದುವೆಯಾಗದವಳಿಗೆ ನಿಂತರೆ ‘ಕಾಲು ಜಾರಿದೆ’. ದೇಹದಲ್ಲಿ ನಡೆದುದು ಒಂದೇ. ಮಾತು ಮಾತ್ರ ಒಂದು ಕಡೆ ಹಬ್ಬ, ಇನ್ನೊಂದು ಕಡೆ ತೀರ್ಪು. ಅಂಗಾಂಗಗಳ ಹೆಸರು ಬೇಕೆಂದರೆ ನಮ್ಮ ಮುಂದೆ ಇರುವುವು ಎರಡೇ ಕನ್ನಡ. ಒಂದು ಪಠ್ಯಪುಸ್ತಕದ ಸಂಸ್ಕೃತ, ಇನ್ನೊಂದು ಬೀದಿಯ ಬೈಗುಳ. ಮೊದಲನೆಯದು ಬಾಯಿಗೆ ಬಾರದು, ಎರಡನೆಯದನ್ನು ಬಾಯಿಗೆ ತರಲಾಗದು. ಹೆದರಿದ ಮಗುವೊಂದು ಹಿರಿಯರ ಎದುರಿಗೆ ನಾಚದೆ ಆಡಬಹುದಾದ ನಡುವಿನ ಮಾತೊಂದು ಬೇಕಲ್ಲ, ಅದನ್ನು ನಾವು ಕೊಟ್ಟಿಲ್ಲ.

ಹಾಗೆಂದು ಕನ್ನಡದಲ್ಲಿ ಅಂಥ ಮಾತೇ ಇರಲಿಲ್ಲವೆಂದಲ್ಲ. ಬಸಿರು, ಮುಟ್ಟು, ಸೂಲು, ಮಾಸು, ಹೆರಿಗೆ, ಬಾಣಂತನ - ಇವು ಎಷ್ಟು ಚೊಕ್ಕವಾದ ಮಾತುಗಳು! ಇವನ್ನು ಕಾಪಾಡಿಕೊಂಡು ಬಂದವರು ಪಂಡಿತರಲ್ಲ, ಸೂಲಗಿತ್ತಿಯರು. ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದವರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಆ ವರ್ಷದ ಕೊನೆಯಲ್ಲಿಯೇ ಅವರು ತೀರಿಕೊಂಡರು. ಹೆರಿಗೆ ಆಸ್ಪತ್ರೆಗೆ ಹೋದುದು ಒಳ್ಳೆಯದೇ ಆಯಿತು, ಎಷ್ಟೋ ತಾಯಂದಿರ ಜೀವ ಉಳಿಯಿತು. ಆದರೆ ಸೂಲಗಿತ್ತಿಯ ಬಾಯಲ್ಲಿದ್ದ ಮಾತು ಅವಳ ಹಿಂದೆಯೇ ಹೊರಟುಹೋಯಿತು.

ಬರಹದ ಪರಂಪರೆಯೂ ಬಡವೇನಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರವನ್ನು ಕನ್ನಡದಲ್ಲಿ ಬರೆದ, ಹದಿನೈದನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ವನ್ನು ಬರೆದ. ಇವು ಅರಮನೆಯ ರಸಿಕರಿಗೆಂದು ಹುಟ್ಟಿದುವು, ಅಂಜಿದ ಹುಡುಗಿಗೆಂದಲ್ಲ ಎಂಬುದು ನಿಜ. ೧೯೩೦ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಬೆಂಗಳೂರು ಮೈಸೂರುಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿಸಿತು. ಸರ್ಕಾರವೇ ನಡೆಸಿದ ಇಂಥವುಗಳಲ್ಲಿ ಜಗತ್ತಿನಲ್ಲಿಯೇ ಮೊದಲಿನವೆಂದು ಇವನ್ನು ಎಣಿಸುತ್ತಾರೆ. ಆಮೇಲೆ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ವಧುವಿಗೆ ಕಿವಿಮಾತು’, ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು ನಡುವಿನ ಮಾತು ಸಾಧ್ಯವೆಂದು ತೋರಿಸಿದರು. ಆದರೆ ಆ ಹೆಸರುಗಳನ್ನು ನೋಡಿ: ವಧು, ತಾಯಿ, ದಾಂಪತ್ಯ. ಮದುವೆಯ ಹೊಸಿಲಿನ ಈಚೆಗೆ ನಿಂತವಳಿಗೆ ಕಿವಿಮಾತು ಹೇಳುವ ಧೈರ್ಯ ನಮ್ಮ ಸಮಾಜಕ್ಕೆ ಅಷ್ಟಾಗಿ ಬಂದಿರಲಿಲ್ಲ. ೨೦೦೭ರಲ್ಲಿ ಹದಿಹರೆಯದ ಶಿಕ್ಷಣದ ಕಾರ್ಯಕ್ರಮಕ್ಕೆ ವಿರೋಧವೆದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು.

ಮದುವೆಯಾದವರ ಪಾಡಾದರೂ ನೆಮ್ಮದಿಯದೆ? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ, ಕರ್ನಾಟಕದಲ್ಲಿ ೨೦ರಿಂದ ೨೪ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೨೧.೩ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ದೇಶದಲ್ಲಿ ೧೫ರಿಂದ ೧೯ ವಯಸ್ಸಿನವರಲ್ಲಿ ನೂರಕ್ಕೆ ೬.೮ ಮಂದಿ ಆಗಲೇ ತಾಯಂದಿರೋ ಬಸುರಿಯರೋ ಆಗಿದ್ದರು. ಈ ವಯಸ್ಸಿನ ಬಸಿರಿನಲ್ಲಿ ರಕ್ತದೊತ್ತಡ ಏರಿ ನಂಜು ಬರುವ ಅಪಾಯ ಹೆಚ್ಚು. ದಿನ ತುಂಬದೆ, ತೂಕವಿಲ್ಲದೆ ಮಗು ಹುಟ್ಟುವುದೂ ಹೆಚ್ಚು. ತಾಳಿ ಕಟ್ಟಿದ್ದರಿಂದ ಎಳೆಯ ಮೈ ಬಲಿತುಬಿಡುವುದಿಲ್ಲ.

ಇನ್ನು ಹುಡುಗರು. ಊರಿನ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ’ಗಳಿಗೆ ಮದ್ದು ಕೊಡುವವರ ಚೀಟಿಗಳನ್ನು ಎಲ್ಲರೂ ನೋಡಿದ್ದೇವೆ. ಪ್ರಾಯಕ್ಕೆ ಸಹಜವಾದ ಸ್ವಪ್ನಸ್ಖಲನವನ್ನು ‘ಧಾತು ನಷ್ಟ’ವೆಂಬ ಮಹಾವ್ಯಾಧಿಯೆಂದು ನಂಬಿ, ಪರೀಕ್ಷೆಯ ಶುಲ್ಕವನ್ನು ಅಂಥವನ ಕೈಗಿತ್ತು ಬಂದ ಹುಡುಗನನ್ನು ನಾನು ಬಲ್ಲೆ. ಅವನಿಗಿದ್ದುದು ರೋಗವಲ್ಲ, ಗುಪ್ತ ಮಾತ್ರ. ನಿಜವಾಗಿ ಸೋಂಕು ತಗಲಿದವನೂ ಅದೇ ಚೀಟಿಯ ಬಾಗಿಲಿಗೇ ಹೋಗುತ್ತಾನೆ. ಆಸ್ಪತ್ರೆಯಲ್ಲಿ ವಾಸಿಯಾಗುವ ಕಾಯಿಲೆಯನ್ನು ಬೆಳೆಸಿಕೊಂಡು ಇನ್ನೊಬ್ಬರಿಗೂ ದಾಟಿಸುತ್ತಾನೆ. ಕಾಂಡೋಮ್ ಎಂಬುದು ಬಸಿರನ್ನೂ ಸೋಂಕನ್ನೂ ಒಟ್ಟಿಗೆ ತಡೆಯುವ ಸಾಧನವೆಂದು ಅವನಿಗೆ ಹೇಳಬೇಕಾದವರು ನಗುತ್ತಾರೆ, ಇಲ್ಲವೆ ಗದರುತ್ತಾರೆ. ಬಸಿರಿನ ಲೆಕ್ಕದಲ್ಲಿ ಅರ್ಧ ಪಾಲು ಗಂಡಿನದು. ಅದನ್ನಾದರೂ ಅವನು ಕಲಿಯಬೇಡವೆ?

ಆ ಮಧ್ಯಾಹ್ನ ನನಗೆ ಏನು ತಿಳಿದಿರಬೇಕಾಗಿತ್ತು? ಬಹಳವೇನಲ್ಲ. ಎಚ್ಚರ ತಪ್ಪಿದ ಕೂಟದ ತರುವಾಯ ೭೨ ಗಂಟೆಗಳೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆಯೊಂದುಂಟು. ಬೇಗ ತೆಗೆದುಕೊಂಡಷ್ಟೂ ಫಲ ಹೆಚ್ಚು. ನೆಲೆಗೊಂಡ ಬಸಿರನ್ನು ತೆಗೆಯುವ ಮಾತ್ರೆ ಅದಲ್ಲ. ಇವೆರಡನ್ನೂ ಒಂದೆಂದು ತಿಳಿದು ಕೆಟ್ಟವರು ಹಲವರು. ತಿಂಗಳು ತಪ್ಪಿದಾಗ ಔಷಧದ ಅಂಗಡಿಯಲ್ಲಿ ಸಿಗುವ ಪಟ್ಟಿಯಿಂದ ಮೂತ್ರವನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಬಸಿರನ್ನು ತೆಗೆಸಬೇಕೆನಿಸಿದರೆ ವೈದ್ಯರೇ ಬೇಕು. ಏಕೆಂದರೆ ಬಸಿರು ಗರ್ಭಕೋಶದ ಹೊರಗೆ ನಾಳದಲ್ಲಿ ಕಚ್ಚಿಕೊಂಡಿದ್ದರೆ ಮಾತ್ರೆಗೆ ಅದು ಹೋಗದು. ನಾಳ ಒಡೆದು ಪ್ರಾಣವೇ ಹೋಗಬಹುದು.

ಕಾನೂನು ಆಕೆಯ ಕಡೆಗೇ ಇದ್ದಿತು. ೧೯೭೧ರಲ್ಲಿ ಆದ ಗರ್ಭಪಾತದ ಕಾಯಿದೆ ೨೦೨೧ರಲ್ಲಿ ತಿದ್ದುಪಡಿಯಾಯಿತು. ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಲ್ಲಿಂದ ಇಪ್ಪತ್ತನಾಲ್ಕರವರೆಗೆ, ನಿಯಮದಲ್ಲಿ ಹೇಳಿದ ಕೆಲವು ಸಂದರ್ಭಗಳಲ್ಲಿ, ಇಬ್ಬರು ವೈದ್ಯರದು ಬೇಕು. ಹದಿನೆಂಟು ತುಂಬಿದವಳಿಗೆ ತನ್ನ ಒಪ್ಪಿಗೆಯ ಹೊರತು ತಂದೆಯದಾಗಲಿ ಗಂಡನದಾಗಲಿ ಬೇಕಿಲ್ಲ. ಅವಳ ಹೆಸರನ್ನು ಹೊರಗೆಡಹಿದ ವೈದ್ಯನಿಗೆ ಶಿಕ್ಷೆಯುಂಟು. ಮದುವೆಯಾಗಿಲ್ಲವೆಂಬ ಕಾರಣದಿಂದ ಭೇದ ಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಸೆಪ್ಟೆಂಬರ್ ೨೯ರಂದು ತೀರ್ಪಿತ್ತಿತು. ಹದಿನೆಂಟರೊಳಗಿನವಳಾದರೆ ಪೋಷಕರ ಒಪ್ಪಿಗೆ ಬೇಕು. ೨೦೧೨ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ವರದಿಯೂ ಆಗಬೇಕು. ಆದರೆ ಹುಡುಗಿಯೂ ಪೋಷಕರೂ ಕೋರಿದರೆ ಆ ವರದಿಯಲ್ಲಿ ವೈದ್ಯರು ಅವಳ ಗುರುತನ್ನು ಹೇಳಬೇಕಾಗಿಲ್ಲವೆಂದು ಅದೇ ತೀರ್ಪು ತಿಳಿಸುತ್ತದೆ. ೨೦೧೪ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗಾಗಿಯೇ ಆಪ್ತಸಲಹೆಯ ಕೇಂದ್ರಗಳಿವೆ. ನಮ್ಮಲ್ಲಿ ಅವಕ್ಕೆ ‘ಸ್ನೇಹ ಕ್ಲಿನಿಕ್’ ಎಂಬ ಒಳ್ಳೆಯ ಹೆಸರೇ ಉಂಟು. ಮಕ್ಕಳ ಸಹಾಯವಾಣಿ ೧೦೯೮, ಮಹಿಳೆಯರದು ೧೮೧, ಎಚ್‌ಐವಿ ವಿಷಯಕ್ಕೆ ೧೦೯೭. ಇಷ್ಟನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದು. ಅಲಂಕಾರಗಳ ಲಕ್ಷಣಗಳನ್ನು ನೆನಪಿಟ್ಟುಕೊಂಡ ತಲೆಗೆ ಇದು ಭಾರವಾಗುತ್ತಿರಲಿಲ್ಲ.

ಎಲ್ಲರೂ ಬಸಿರನ್ನು ತೆಗೆಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹೆರುತ್ತೇನೆಂಬವಳಿಗೂ ಅಷ್ಟೇ ಆಸರೆ ಬೇಕು: ತಿಂಗಳ ತಪಾಸಣೆ, ಕಬ್ಬಿಣದ ಮಾತ್ರೆ, ಆಸ್ಪತ್ರೆಯ ಹೆರಿಗೆ, ಮತ್ತೆ ಓದಿಗೆ ಮರಳುವ ದಾರಿ. ಹೆತ್ತು ಸಾಕಲಾರೆನೆಂಬವಳಿಗೂ ದಾರಿಯುಂಟು. ೨೦೧೫ರ ಬಾಲನ್ಯಾಯ ಕಾಯಿದೆಯಂತೆ ಆಕೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು; ಮನಸ್ಸು ಬದಲಾದೀತೆಂದು ಎರಡು ತಿಂಗಳ ಅವಧಿಯನ್ನೂ ಕೊಟ್ಟಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ಕುಂತಿಯ ನೆನಪಾಯಿತು. ಪ್ರತಿವರ್ಷ ನಾವು ಕರ್ಣನಿಗಾಗಿ ಕಣ್ಣೀರಿಡುತ್ತೇವೆ. ತೊಟ್ಟಿಲ ಬದಲು ಹೊಳೆಯನ್ನು ಹುಡುಕಿದ ಆ ಎಳೆಯ ತಾಯಿಗೆ ಆ ಹೊತ್ತಿನಲ್ಲಿ ಯಾರಿದ್ದರು ಎಂದು ಕೇಳುವುದಿಲ್ಲ. ಅವಳಿಗೆ ಎರಡು ತಿಂಗಳಲ್ಲ, ಒಂದು ಹಗಲೂ ಇರಲಿಲ್ಲ. ಇದ್ದುದು ಲೋಕಾಪವಾದದ ಅಂಜಿಕೆ ಒಂದೇ.

ಇಂಥ ಮಾತುಗಳನ್ನಾಡಿದರೆ ಮಕ್ಕಳು ಕೆಡುವರೆಂದು ಹಿರಿಯ ಮಿತ್ರರೊಬ್ಬರು ನನಗೆ ಬುದ್ಧಿ ಹೇಳಿದರು. ಯುನೆಸ್ಕೋ ಸಂಸ್ಥೆ ಹಲವು ದೇಶಗಳ ಅಧ್ಯಯನಗಳನ್ನು ಪರಾಂಬರಿಸಿ ೨೦೧೮ರಲ್ಲಿ ಹೊರತಂದ ಮಾರ್ಗದರ್ಶಿ ಅದಕ್ಕೆ ವಿರುದ್ಧವಾಗಿಯೇ ಹೇಳುತ್ತದೆ: ಇಂಥ ಶಿಕ್ಷಣದಿಂದ ಎಳೆಯರಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. ಮಿತ್ರರಿಗೆ ನಾನು ಅದನ್ನು ಹೇಳಲಿಲ್ಲ. ಆ ಹುಡುಗಿಯ ಕಥೆಯನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಬಳಿಗೆ ಬಂದಿದ್ದರೂ ಗುಮಾಸ್ತರ ಹತ್ತಿರಕ್ಕೇ ಕಳುಹಿಸುತ್ತಿದ್ದೆ” ಎಂದರು.

ಈಗ ವರ್ಷದ ಮೊದಲ ವಾರದಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯೆಯೊಬ್ಬರನ್ನು ಕರೆಸಿ ಒಂದು ಗಂಟೆ ಮಾತನಾಡಿಸುತ್ತೇವೆ, ಹುಡುಗರಿಗೂ ಹುಡುಗಿಯರಿಗೂ. ಮುಟ್ಟು, ಬಸಿರು ಎಂಬ ಮಾತುಗಳನ್ನು ಅವರು ಸರಳವಾಗಿ ಉಚ್ಚರಿಸಿದಾಗ ಮೊದಲು ಕಿಸಕ್ಕನೆ ನಗು ಏಳುತ್ತದೆ; ಹತ್ತು ನಿಮಿಷದಲ್ಲಿ ಅಡಗುತ್ತದೆ. ಆಮೇಲೆ ಚೀಟಿಗಳಲ್ಲಿ ಪ್ರಶ್ನೆಗಳು ಬರುತ್ತವೆ. ಗಂಟೆ ಸಾಲುವುದಿಲ್ಲ.

ನಾನು ವೈದ್ಯನಲ್ಲ, ನನ್ನಿಂದಾಗುವುದು ಸ್ವಲ್ಪವೇ. ಬಾಗಿಲಲ್ಲಿ ಯಾರಾದರೂ ಬಂದು ನಿಂತು ನೆಲವನ್ನು ನೋಡಿದರೆ ಹಾಜರಿ ಪುಸ್ತಕವನ್ನು ಮುಚ್ಚುತ್ತೇನೆ, ಕುರ್ಚಿ ತೋರಿಸುತ್ತೇನೆ, “ಯಾವ ಲೆಕ್ಕ, ತಾಯಿ?” ಎಂದು ಕೇಳುತ್ತೇನೆ. ಹೆಚ್ಚಿನ ಸಲ ಅದು ಹಾಜರಿಯ ಲೆಕ್ಕವೇ ಆಗಿರುತ್ತದೆ. ಆದರೂ ಕೇಳುತ್ತೇನೆ.