16 ವಾರಗಳ ತರಬೇತಿ 9 ವರ್ಷಗಳ ಅನುಭವವನ್ನು ಮೀರಿಸಬಲ್ಲದೇ?

‘ಕೆಲವೇ ವಾರಗಳಲ್ಲಿ ನೆಟ್‌ವರ್ಕ್ ಪರಿಣತರಾಗಿ’ ಎನ್ನುವಂಥ ಕೋರ್ಸ್ ಜಾಹೀರಾತುಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅಷ್ಟು ಬೇಗ ಕಲಿಯಲು ನಿಜಕ್ಕೂ ಸಾಧ್ಯವೇ? ಅಮೆರಿಕದ ನೌಕಾಪಡೆಯ ತಂತ್ರಜ್ಞರ ಮೇಲೆ ನಡೆದ ಒಂದು ಅಧ್ಯಯನವನ್ನು ನೋಡೋಣ.

ಅಧ್ಯಯನದಲ್ಲಿ ಕಂಡದ್ದೇನು?

ನೌಕಾಪಡೆಯ ಕಂಪ್ಯೂಟರ್ ಮತ್ತು ನೆಟ್‌ವರ್ಕ್‌ಗಳನ್ನು ನೋಡಿಕೊಳ್ಳುವ ತಂತ್ರಜ್ಞರಿಗಾಗಿ, ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ‘ಡಿಜಿಟಲ್ ಟ್ಯೂಟರ್’ ಎಂಬ ಕಲಿಕಾ ತಂತ್ರಾಂಶ ರೂಪಿಸಿತು. ಇದರಲ್ಲಿ 16 ವಾರ ಕಲಿತ 12 ಹೊಸಬರನ್ನು, ಸರಾಸರಿ 9 ವರ್ಷ ಅನುಭವವಿದ್ದ 12 ತಂತ್ರಜ್ಞರೊಂದಿಗೆ ಹೋಲಿಸಲಾಯಿತು. ದೋಷ ಹುಡುಕಿ ಸರಿಪಡಿಸುವ ಪರೀಕ್ಷೆಯಲ್ಲಿ ಹೊಸಬರ ತಂಡಗಳು 140 ಸಮಸ್ಯೆಗಳಿಗೆ ಕೈಹಾಕಿ 104ನ್ನು ಬಗೆಹರಿಸಿದವು. ಅನುಭವಿಗಳ ತಂಡಗಳು 100ಕ್ಕೆ ಕೈಹಾಕಿ 52ನ್ನು ಬಗೆಹರಿಸಿದವು.

ಇದು ಹೇಗೆ ಸಾಧ್ಯವಾಯಿತು?

ನುರಿತ ಶಿಕ್ಷಕರು ಒಬ್ಬೊಬ್ಬರೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಕಲಿಸುವ ರೀತಿಯನ್ನು ಗಮನಿಸಿ ಈ ತಂತ್ರಾಂಶ ತಯಾರಿಸಲಾಗಿತ್ತು. ಇದು ಬರೀ ವಿಡಿಯೋ ತೋರಿಸುವುದಿಲ್ಲ. ನಿಜವಾದ ಸಮಸ್ಯೆ ಕೊಟ್ಟು, ವಿದ್ಯಾರ್ಥಿ ಮಾಡುವುದನ್ನು ನೋಡುತ್ತಾ, ‘ಹೀಗೇಕೆ ಮಾಡಿದಿರಿ?’ ಎಂದು ಕೇಳುತ್ತದೆ. ಕೆಲಸದಲ್ಲಿದ್ದಾಗ ಯಾವ ದೋಷ ಎದುರಾಗುತ್ತದೋ ಅದನ್ನಷ್ಟೇ ಕಲಿಯುತ್ತೇವೆ. ಇಲ್ಲಿ ಬೇಕಾದ ದೋಷಗಳನ್ನು ಆರಿಸಿ, ಒಂದಾದ ಮೇಲೊಂದರಂತೆ ಮುಂದಿಡಬಹುದು.

ಹಾಗಾದರೆ ಜಾಹೀರಾತು ನಂಬಬಹುದೇ?

ಇಲ್ಲಿ ಒಂದು ಲೆಕ್ಕ ಹಾಕೋಣ. ಆ ವಿದ್ಯಾರ್ಥಿಗಳು ದಿನಕ್ಕೆ 6 ಗಂಟೆ ಟ್ಯೂಟರ್ ಜೊತೆ, 2 ಗಂಟೆ ಬೋಧಕರ ಮೇಲ್ವಿಚಾರಣೆಯಲ್ಲಿ ಓದುತ್ತಿದ್ದರು. ವಾರಕ್ಕೆ 5 ದಿನವೆಂದರೂ ಒಟ್ಟು 640 ಗಂಟೆ. ಮೊಬೈಲ್‌ನಲ್ಲಿ ದಿನಕ್ಕೊಂದು ಗಂಟೆ ಕಲಿಯುವವರಿಗೆ ಅಷ್ಟು ಅಭ್ಯಾಸವಾಗಲು ಸುಮಾರು ಒಂದು ವರ್ಷ ಒಂಬತ್ತು ತಿಂಗಳು ಬೇಕು! ಅಲ್ಲದೆ ಹೋಲಿಸಿದ್ದು ಕೇವಲ 12 ಜನರ ಗುಂಪುಗಳನ್ನು, ಅದೂ ಒಂದೇ ಬಗೆಯ ಕೆಲಸದಲ್ಲಿ. ಎಂಜಿನ್ ರಿಪೇರಿಗೋ ವೆಲ್ಡಿಂಗ್‌ಗೋ ಇದೇ ಫಲಿತಾಂಶವನ್ನು ಅನ್ವಯಿಸಲಾಗದು.

ಹಣ ಕಟ್ಟುವ ಮುನ್ನ

ನಾವು ಹೇಳುವುದಿಷ್ಟೇ: ಚೆನ್ನಾಗಿ ರೂಪಿಸಿದ ತರಬೇತಿ ಕಲಿಕೆಯ ಅವಧಿಯನ್ನು ಕಡಿಮೆ ಮಾಡಬಲ್ಲದು, ಆದರೆ ಅಭ್ಯಾಸವನ್ನು ಬಿಟ್ಟು ಅಲ್ಲ. ಆದ್ದರಿಂದ ಕೋರ್ಸ್ ಎಷ್ಟು ವಾರ ಎಂದಷ್ಟೇ ಕೇಳಬೇಡಿ. ಕೈಯಾರೆ ಕೆಲಸ ಮಾಡುವುದು ಎಷ್ಟು ಗಂಟೆ? ತಪ್ಪು ಮಾಡಿದಾಗ ತಿದ್ದುವವರು ಯಾರು? ಕೊನೆಯ ಪರೀಕ್ಷೆ ಬರೀ ಪ್ರಶ್ನೋತ್ತರವೋ, ಕೆಟ್ಟದ್ದನ್ನು ಸರಿಪಡಿಸಿ ತೋರಿಸಬೇಕೋ? ಇವಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಹಣ ಕಟ್ಟಬೇಡಿ, ಆ ಜಾಹೀರಾತನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಕೂಡ ಮಾಡಬೇಡಿ.