ಸುಟ್ಟ ಗಾಯದಲ್ಲಿ ಹಿಸ್ಟಮಿನ್‌ನ ಪಾತ್ರ

ಮಹಾನಗರದ ಇಕ್ಕಟ್ಟಾದ ಅಡಿಗೆಮನೆಯಲ್ಲಿ ಬೆಂಕಿ ತಗುಲಿದಾಗ ಮನೆಮಂದಿಯ ಕಣ್ಣಿಗೆ ಬೀಳುವುದು ಸುಟ್ಟ ಚರ್ಮ ಮಾತ್ರ. ಗಾಯ ವಿಸ್ತಾರವಾಗಿದ್ದರೆ ಪ್ರಾಣಾಪಾಯವು ಕಣ್ಣಿಗೆ ಕಾಣದ ರಕ್ತನಾಳಗಳಲ್ಲಿ ಆರಂಭವಾಗುತ್ತದೆ.

ಶಾಖದ ಆಘಾತಕ್ಕೆ ಸಿಕ್ಕ ಚರ್ಮದ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಸೊಳ್ಳೆ ಕಚ್ಚಿದೆಡೆ ದದ್ದು ಏಳಿಸುವುದೂ ಇದೇ. ಇದರಿಂದ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ದ್ರವಾಂಶ ಹೊರಗೆ ಜಿನುಗುತ್ತದೆ. ದೊಡ್ಡ ಗಾಯಗಳಲ್ಲಿ ಈ ಸೋರಿಕೆ ಸುಡದ ಭಾಗಗಳಿಗೂ ಹಬ್ಬುವುದುಂಟು. ಆಗ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಕರುಳು ಮೊದಲಾದ ಅಂಗಗಳಿಗೆ ರಕ್ತ ಸಾಲದಾಗುತ್ತದೆ.

ಹಾಗಾದರೆ ಹಿಸ್ಟಮಿನ್‌ಗೆ ತಡೆಯೊಡ್ಡಿದರೆ ಸಾಲದೆ? ಮೊದಲ ಹಿಸ್ಟಮಿನ್ ನಿರೋಧಕ ವಸ್ತುವನ್ನು ಡೇನಿಯಲ್ ಬೋವೆ 1937ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಕೊಂಡರು. ಬೇರೊಂದು ಬಗೆಯ ಸಿಮೆಟಿಡಿನ್ 1976ರಲ್ಲಿ ಬಳಕೆಗೆ ಬಂತು. ಪ್ರಯೋಗಾಲಯದ ಪ್ರಾಣಿಗಳಲ್ಲಿ ಇಂಥ ಔಷಧಗಳು ಬಾವನ್ನು ತಗ್ಗಿಸಿದ್ದುಂಟು. ರೋಗಿಗಳ ವಿಷಯದಲ್ಲಿ ಮಾತ್ರ ಆ ಆಸೆ ಪೂರ್ತಿಯಾಗಿ ಕೈಗೂಡಲಿಲ್ಲ. ಕಾರಣ ಸರಳವಾದುದು: ಹಿಸ್ಟಮಿನ್ ಮೊದಲ ಗಳಿಗೆಗಳಲ್ಲೇ ತನ್ನ ಕೆಲಸ ಮುಗಿಸಿಬಿಡುತ್ತದೆ, ಆಮೇಲೆ ಬ್ರಾಡಿಕೈನಿನ್, ಪ್ರೊಸ್ಟಗ್ಲ್ಯಾಂಡಿನ್ ಮುಂತಾದವು ಸೋರಿಕೆಯನ್ನು ಮುಂದುವರಿಸುತ್ತವೆ. ಬಾಗಿಲು ತೆರೆದವನನ್ನು ಹಿಡಿದರೂ ಒಳನುಗ್ಗಿದವರು ಉಳಿದೇ ಇರುತ್ತಾರೆ.

ಆದರೂ ಈ ಔಷಧಗಳು ನಿರುಪಯುಕ್ತವಲ್ಲ. ಮಾಯುತ್ತಿರುವ ಗಾಯದ ಅಸಹನೀಯ ನವೆಗೆ ಇವನ್ನು ಕೊಡುವುದುಂಟು. ಸುಟ್ಟ ಗಾಯದ ಬೆನ್ನಿಗೇ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗುವುದನ್ನು ಲಂಡನ್ನಿನ ಶಸ್ತ್ರವೈದ್ಯ ಕರ್ಲಿಂಗ್ 1842ರಲ್ಲಿ ವಿವರಿಸಿದ್ದರು. ಅದರ ತಡೆಗೆ ಸಿಮೆಟಿಡಿನ್ ವರ್ಗದ, ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಗಳು ನೆರವಾದವು.

ಅಂಗಗಳನ್ನು ಕಾಯುವ ಮುಖ್ಯ ಚಿಕಿತ್ಸೆಯೆಂದರೆ ಸೋರಿದ ದ್ರವವನ್ನು ರಕ್ತನಾಳದ ಮೂಲಕ ತುಂಬಿಕೊಡುವುದು. 1968ರಲ್ಲಿ ಅಮೆರಿಕೆಯ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಿಂದ ಬಂದ ಸೂತ್ರದಂತೆ, 60 ಕಿಲೋ ತೂಕದವರ ಶರೀರದ ಶೇಕಡಾ 30 ಭಾಗ ಸುಟ್ಟಿದ್ದರೆ ಮೊದಲ 24 ಗಂಟೆಗಳಲ್ಲಿ ಸುಮಾರು 7.2 ಲೀಟರ್ ಬೇಕು. ಅದರ ಅರ್ಧ ಮೊದಲ 8 ಗಂಟೆಗಳಲ್ಲಿ. ಮೂತ್ರದ ಪ್ರಮಾಣ ನೋಡಿ ವೈದ್ಯರು ಇದನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಈ ಗಂಟೆಗಳ ಲೆಕ್ಕ ಬೆಂಕಿ ತಗುಲಿದ ಗಳಿಗೆಯಿಂದಲೇ ಹೊರತು ಆಸ್ಪತ್ರೆಯ ಬಾಗಿಲಿನಿಂದಲ್ಲ.

ಆದುದರಿಂದ ಟೂತ್‌ಪೇಸ್ಟು, ಶಾಯಿ, ಅರಿಸಿನಗಳಲ್ಲಿ ಕಾಲಹರಣ ಸಲ್ಲದು. ಮನೆಯಲ್ಲಿರುವ ಅಲರ್ಜಿ ಮಾತ್ರೆ ನುಂಗಿಸುವುದೂ ಬೇಡ. ಅದು ತರುವ ಮಂಪರು ರೋಗಿಯ ಸ್ಥಿತಿಯನ್ನು ಮರೆಮಾಚೀತು. ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಯಲಿ, ಮಂಜುಗಡ್ಡೆ ಕೂಡದು. ಉಳಿದ ಮೈಯನ್ನು ಬೆಚ್ಚಗಿಡಬೇಕು. ಬಾವು ಏರುವ ಮೊದಲೇ ಬಳೆ, ಉಂಗುರಗಳನ್ನು ಕಳಚಿ, ಗಾಯಕ್ಕೆ ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು. ಬೆಂಕಿ ತಗುಲಿದ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳುಹಿಸಿದರೆ ವೈದ್ಯರ ಲೆಕ್ಕಕ್ಕೆ ಅನುಕೂಲ.