ಬಿಟ್ಟ ಮೇಲೆ ಹಳೇ ಡೋಸ್ ಯಾಕೆ ಜೀವ ತೆಗೆಯುತ್ತೆ?

ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ. ಹೆರಾಯಿನ್‌ನಂಥ ಓಪಿಯಾಯ್ಡ್ ತಗೊಳ್ತಾ ಹೋದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತೆ. ನಿನ್ನೆಯ ಪ್ರಮಾಣ ಇವತ್ತು ಸಾಲಲ್ಲ, ಡೋಸ್ ಏರುತ್ತೆ. ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ಆ ತಾಳಿಕೆ ಇಳಿಯುತ್ತೆ. ಆಸೆ ಮಾತ್ರ ಇಳಿದಿರಲ್ಲ. ಲೆಕ್ಕ ತಪ್ಪೋದು ಇಲ್ಲೇ. ಚಿಕಿತ್ಸೆ ಮುಗಿಸಿಯೋ, ಜೈಲಿಂದಲೋ ಬಂದವರು ಹಳೇ ಪ್ರಮಾಣವನ್ನೇ ತಗೊಂಡರೆ ಉಸಿರಾಟ ನಿಧಾನವಾಗಿ, ನಿಂತೇ ಹೋಗಬಹುದು.

ಅದಕ್ಕೇ, 'ವಾಸಿಯಾಯ್ತಲ್ಲ' ಅಂತ ಔಷಧಿ, ಫಾಲೋಅಪ್ ನಿಲ್ಲಿಸಬೇಡಿ. ಮತ್ತೆ ಜಾರಿದರೆ ಬೈದು ದೂರ ಮಾಡಬೇಡಿ. ಕದ್ದು ಒಬ್ಬರೇ ತಗೊಂಡರೆ ಉಳಿಸೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಚಟ ಬಿಡಿಸಲು ಸಲಹೆ ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 14446.